ಮಕ್ಕಳ ವರ್ತನಾ ಸಮಸ್ಯೆಗಳು: ಮನೆ ಮತ್ತು ಓಣಿಯ ಪಾತ್ರ

ಪದೇ ಪದೇ ಹೊಡೆದಾಡುವುದು, ಹಿರಿಯರಿಗೆ ಎದುರು ಬೀಳುವುದು, ಸುಳ್ಳು, ಕಳವು, ಶಾಲೆ ತಪ್ಪಿಸುವುದು, ಸಾಮಾನು ಒಡೆಯುವುದು – ಇವು ಮಗುವಿನ ವಯಸ್ಸಿಗೆ ಸಹಜವೆನಿಸುವ ಮಟ್ಟವನ್ನು ಮೀರಿ, ತಿಂಗಳುಗಟ್ಟಲೆ ಮುಂದುವರಿದು, ಕಲಿಕೆಗೂ ಸಂಬಂಧಗಳಿಗೂ ಅಡ್ಡಿಯಾದಾಗ ಅವನ್ನು ವರ್ತನಾ ಸಮಸ್ಯೆ ಎಂದು ಕರೆಯುತ್ತಾರೆ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಇಂಥ ಹುಡುಗನಿಗೆ ‘ಉಡಾಳ’ ಎಂಬ ಹೆಸರು ಬೇಗ ಅಂಟಿಕೊಳ್ಳುತ್ತದೆ. ಹಾಗೆ ಹೆಸರಿಟ್ಟ ಮೇಲೆ ಎಲ್ಲರ ಕಣ್ಣೂ ಮಗುವಿನ ಮೇಲೆಯೇ ನಿಲ್ಲುತ್ತದೆ. ಅವನು ಬೆಳೆಯುತ್ತಿರುವ ಮನೆ ಮತ್ತು ಓಣಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಲವು ದಶಕಗಳ ಸಂಶೋಧನೆ ಹೇಳುವುದು ಬೇರೆಯೇ ಮಾತು. ಮಗುವಿನ ಹುಟ್ಟುಗುಣಕ್ಕೂ ಪಾಲಿದೆ, ನಿಜ; ಆದರೆ ಆ ಗುಣ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮನೆ ಮತ್ತು ಓಣಿ. ಅಲ್ಲಿ ಮಗುವಿನ ಮೇಲೆ ಬೀಳುವ ಹೊರೆಗಳು ಹೆಚ್ಚಿದಷ್ಟೂ ಸಮಸ್ಯೆ ಹೆಚ್ಚುತ್ತದೆ, ಕಡಿಮೆಯಾದಷ್ಟೂ ತಗ್ಗುತ್ತದೆ.

ಸ್ವರೂಪ

ವರ್ತನಾ ಸಮಸ್ಯೆಗಳಲ್ಲಿ ಎರಡು ಬಗೆ. ಹೊಡೆದಾಟ, ಎದುರುತ್ತರ, ಕಳವು, ಅತಿ ಚಟುವಟಿಕೆ ಹೊರಕ್ಕೆ ಕಾಣುವಂಥವು. ಭಯ, ಮಂಕು, ಮೌನ ಒಳಗೇ ಕೊರೆಯುವಂಥವು. ಹೊರಗಿನದು ಹುಡುಗರಲ್ಲಿ ಹೆಚ್ಚಾಗಿ ಕಾಣುವುದರಿಂದ ದೂರು ಬರುವುದೂ ಅವರ ಮೇಲೆಯೇ. ಸುಮ್ಮನೆ ಮೂಲೆ ಹಿಡಿದು ಕೂರುವ ಹುಡುಗಿಯನ್ನು ‘ಶಾಣ್ಯಾ ಹುಡುಗಿ’ ಎಂದು ಹೊಗಳುತ್ತಾರೆ; ಅವಳ ಸಂಕಟ ಯಾರ ಗಮನಕ್ಕೂ ಬರುವುದಿಲ್ಲ.

ಎರಡು ಮೂರು ವರ್ಷದ ಕೂಸು ಕಚ್ಚುವುದು, ಹೊಡೆಯುವುದು, ನೆಲಕ್ಕೆ ಬಿದ್ದು ಹೊರಳುವುದು ರೋಗವಲ್ಲ. ಕೆನಡಾದ ರಿಚರ್ಡ್ ಟ್ರೆಂಬ್ಲೆ ಅವರ ದೀರ್ಘಕಾಲದ ಅಧ್ಯಯನಗಳ ಪ್ರಕಾರ ಮೈಮೇಲೆ ಬೀಳುವ ಸ್ವಭಾವ ಅತಿ ಹೆಚ್ಚಿರುವುದೇ ಆ ವಯಸ್ಸಿನಲ್ಲಿ. ಬಹುಪಾಲು ಮಕ್ಕಳು ಮಾತು ಕಲಿತಂತೆ, ಕಾಯುವುದನ್ನು ಕಲಿತಂತೆ ಅದನ್ನು ಬಿಡುತ್ತಾರೆ. ಬಿಡಲು ಕಲಿಸುವವರು ಮನೆಯಲ್ಲಿ ಇರಬೇಕು, ಅವರಿಗೆ ಪುರುಸೊತ್ತೂ ಇರಬೇಕು.

ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಳ ಕಾಲ ಗಮನಿಸುತ್ತ ಬಂದಿದ್ದಾರೆ. ಅದರ ಆಧಾರದ ಮೇಲೆ ಟೆರ್ರಿ ಮೋಫಿಟ್ 1993ರಲ್ಲಿ ಮುಖ್ಯವಾದ ಒಂದು ವ್ಯತ್ಯಾಸ ತೋರಿಸಿದರು. ಹದಿಹರೆಯದಲ್ಲಿ ಮಾತ್ರ ಪುಂಡಾಟ ಮಾಡಿ ನಂತರ ಸರಿಹೋಗುವ ಹುಡುಗರೇ ಬಹಳ. ಬಾಲ್ಯದಲ್ಲೇ ಶುರುವಾಗಿ ದೊಡ್ಡವರಾದರೂ ಬಿಡದ ಚಿಕ್ಕ ಗುಂಪೊಂದು ಬೇರೆಯೇ ಇದೆ. ಗಮನ ನಿಲ್ಲದಿರುವುದು, ಮಾತು ತಡವಾಗುವುದು ಮುಂತಾದ ಹುಟ್ಟಿನ ಸಮಸ್ಯೆಗಳು ಕಷ್ಟದ ಮನೆಯ ವಾತಾವರಣದೊಂದಿಗೆ ಸೇರಿಕೊಂಡಾಗ ಈ ಎರಡನೆಯ ಗುಂಪು ಉಂಟಾಗುತ್ತದೆ.

ವ್ಯಾಪ್ತಿ

ಕರ್ನಾಟಕದಲ್ಲಿ ಈ ಬಗ್ಗೆ ನಡೆದ ಪ್ರಮುಖ ಸಮೀಕ್ಷೆ ಬೆಂಗಳೂರಿನ ನಿಮ್ಹಾನ್ಸ್ ತಜ್ಞರದು. ಶೋಭಾ ಶ್ರೀನಾಥ್, ಸತೀಶ್ ಗಿರಿಮಾಜಿ ಮತ್ತು ಸಂಗಡಿಗರು ಬೆಂಗಳೂರಿನ ನಗರ, ಕೊಳೆಗೇರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 16 ವರ್ಷದೊಳಗಿನ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಸುಮಾರು 12.5% ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ಅಥವಾ ವರ್ತನಾ ಸಮಸ್ಯೆ ಕಂಡುಬಂತು. ಮೂರು ಅಂಶಗಳು ಆ ವರದಿಯಲ್ಲಿ ಎದ್ದು ಕಾಣುತ್ತವೆ. ಕೊಳೆಗೇರಿಯಲ್ಲಿ ಸಮಸ್ಯೆ ಉಳಿದೆಡೆಗಿಂತ ಹೆಚ್ಚಿರಲಿಲ್ಲ. ಬಡತನವೊಂದೇ ಮಗುವನ್ನು ಕೆಡಿಸುತ್ತದೆ ಎಂಬ ನಂಬಿಕೆಗೆ ಇದು ನೇರ ಉತ್ತರ. ಮಗುವಿಗೆ ಬೀಳುವ ಹೊಡೆತ ಮತ್ತು ತಂದೆ ತಾಯಿಯ ಮಾನಸಿಕ ಕಾಯಿಲೆ ಈ ಎರಡಕ್ಕೂ ಮಗುವಿನ ಸಮಸ್ಯೆಗೂ ಸ್ಪಷ್ಟ ಸಂಬಂಧ ಕಂಡಿತು. ತಮ್ಮ ಮಗುವಿಗೆ ತೊಂದರೆ ಇದೆ ಎಂದು ಗುರುತಿಸಿದ ಕುಟುಂಬಗಳು 37.5% ಮಾತ್ರ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯಸ್ಸಿನವರಲ್ಲಿ 7.3% ಮಂದಿಗೆ ಮಾನಸಿಕ ಸಮಸ್ಯೆ ಇದ್ದುದನ್ನು ದಾಖಲಿಸಿತು.

ಸೀಮೆಯ ಪರಿಸ್ಥಿತಿ

ಬಸವಕಲ್ಯಾಣ 12ನೇ ಶತಮಾನದ ಶರಣರ ಊರು, ಅದಕ್ಕೂ ಮೊದಲೇ ಕಲ್ಯಾಣ ಚಾಲುಕ್ಯರ ರಾಜಧಾನಿ. ಹುಮನಾಬಾದ್ ವೀರಭದ್ರೇಶ್ವರ ಜಾತ್ರೆಗೂ ಪಕ್ಕದ ಮಾಣಿಕನಗರದ ಮಾಣಿಕಪ್ರಭು ಸಂಸ್ಥಾನಕ್ಕೂ ಹೆಸರಾದದ್ದು. ಎರಡೂ ಹೈದರಾಬಾದ್–ಪುಣೆ ಹೆದ್ದಾರಿಯ ಆಸುಪಾಸಿನ ಪಟ್ಟಣಗಳು. ಕನ್ನಡ, ಮರಾಠಿ, ದಖ್ಖನಿ ಉರ್ದು, ತೆಲುಗು, ತಾಂಡಾಗಳ ಲಂಬಾಣಿ – ಇಷ್ಟೂ ಭಾಷೆ ಇಲ್ಲಿನ ಸಂತೆಯಲ್ಲಿ ಒಟ್ಟಿಗೆ ಕೇಳುತ್ತವೆ.

ಇದು ಮಳೆ ನಂಬಿದ ಸೀಮೆ. ಹೆಸರು, ಉದ್ದು, ಸೋಯಾ, ತೊಗರಿ, ಜೋಳದ ಒಕ್ಕಲುತನ. ನೀರಿದ್ದ ಕಡೆ ಕಬ್ಬು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದಾಗ ಅವುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದಲ್ಲೇ ಇದ್ದವು. ಈ ಹಿನ್ನೆಲೆಯಲ್ಲೇ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂತು, 2019ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರೂ ಬಂತು. ಅಂಕಿಅಂಶಗಳ ಈ ಹಿಂದುಳಿದಿರುವಿಕೆ ಮಗುವಿನ ಅನುಭವಕ್ಕೆ ಬರುವುದು ಮನೆಯಲ್ಲಿಲ್ಲದ ಅಪ್ಪನಾಗಿ, ದಣಿದು ಬಂದ ಅವ್ವನಾಗಿ, ಸಾಲದ ಜಗಳವಾಗಿ.

ಮನೆಯೊಳಗೆ

ಸಂಜೆಯ ಹೊತ್ತು. ಅವ್ವ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಎಂಟು ವರ್ಷದ ಮಗ ಮೊಬೈಲ್ ಕೇಳುತ್ತಾನೆ. ‘ಆಮ್ಯಾಲೆ’ ಎನ್ನುತ್ತಾಳೆ. ಮತ್ತೆ ಕೇಳಿ ಬೈಸಿಕೊಳ್ಳುತ್ತಾನೆ. ಅಳು ಕಿರುಚಾಟವಾಗುತ್ತದೆ, ಕೈಗೆ ಸಿಕ್ಕ ತಟ್ಟೆ ಗೋಡೆಗೆ ಬೀಳುತ್ತದೆ, ಹಂಚಿನ ಮೇಲಿನ ರೊಟ್ಟಿ ಸೀಯುತ್ತದೆ. ‘ತಗೋ, ಹಾಳಾಗಿ ಹೋಗು’ ಎಂದು ಅವ್ವ ಮೊಬೈಲ್ ಕೈಗಿಡುತ್ತಾಳೆ. ಮನೆ ಒಮ್ಮೆಲೇ ಶಾಂತವಾಗುತ್ತದೆ.

ಯಾವ ಮನೆಯಲ್ಲೂ ನಡೆಯಬಹುದಾದ ಈ ಐದು ನಿಮಿಷದಲ್ಲಿ ಇಬ್ಬರೂ ಒಂದೊಂದು ಪಾಠ ಕಲಿತಿದ್ದಾರೆ. ಕೇಳಿದರೆ ಸಿಗದ್ದು ಕಿರುಚಿದರೆ ಸಿಗುತ್ತದೆ ಎಂದು ಮಗ. ಕೊಟ್ಟರೆ ಗಲಾಟೆ ನಿಲ್ಲುತ್ತದೆ ಎಂದು ಅವ್ವ. ಮರುದಿನ ಅಪ್ಪ ಇದ್ದಾಗ ಇದೇ ಆಟಕ್ಕೆ ಏಟು ಬೀಳುತ್ತದೆ, ಆಗಲೂ ಗಲಾಟೆ ನಿಲ್ಲುತ್ತದೆ. ಹೊಡೆತ ಕೆಲಸ ಮಾಡುತ್ತದೆಂದು ಅಪ್ಪನೂ ಕಲಿಯುತ್ತಾನೆ. ಬಲ ಇದ್ದವನದೇ ಗೆಲುವು ಎಂದು ಮಗನೂ ಕಲಿಯುತ್ತಾನೆ. ಅಮೆರಿಕದ ಆರಿಗನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಅವರ ತಂಡ ಮನೆಗಳಿಗೇ ಹೋಗಿ ಕೂತು ಇಂಥ ಕ್ಷಣಗಳನ್ನು ಒಂದೊಂದಾಗಿ ದಾಖಲಿಸಿತು. 1982ರ ತಮ್ಮ ಗ್ರಂಥದಲ್ಲಿ ಅವರು ಇದನ್ನು ಪರಸ್ಪರ ಬಲವಂತದ ಸುಳಿ ಎಂದು ವಿವರಿಸಿದರು. ಸುಳಿಯಲ್ಲಿ ಕೆಟ್ಟವರು ಯಾರೂ ಇಲ್ಲ. ದಣಿದವರು ಇದ್ದಾರೆ, ಇಂದು ಒಂದು ನಾಳೆ ಒಂದು ಎಂಬಂತೆ ಬದಲಾಗುವ ನಿಯಮ ಇದೆ. ಮನೆಯಲ್ಲಿ ಗೆದ್ದ ಈ ಉಪಾಯವನ್ನೇ ಮಗು ಶಾಲೆಗೂ ಕೊಂಡೊಯ್ಯುತ್ತದೆ. ಅಲ್ಲಿ ಜೊತೆಯವರು ದೂರ ಸರಿದಾಗ ತನ್ನಂಥವರ ಗುಂಪು ಸೇರಿಕೊಳ್ಳುತ್ತದೆ.

ಹೊಡೆತದ ವ್ಯಾಪಕತೆ ದೇಶದ ಎಲ್ಲೆಡೆಯ ಸಂಗತಿ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ 13 ರಾಜ್ಯಗಳ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು; ಶಾಲೆಗೆ ಹೋಗುವ ಮಕ್ಕಳಲ್ಲಿ 65% ಮಂದಿ ಅಲ್ಲಿಯೂ ಏಟು ತಿಂದವರು. ಏಟು ಆ ಹೊತ್ತಿಗೆ ಮಗುವನ್ನು ಸುಮ್ಮನಾಗಿಸುತ್ತದೆ. ವರ್ಷಗಳ ಲೆಕ್ಕದಲ್ಲಿ ನೋಡಿದರೆ ಸಿಟ್ಟು, ಸುಳ್ಳು, ಹೊಡೆದಾಟ ಹೆಚ್ಚುತ್ತವೆ ಎಂಬುದನ್ನು ಅನೇಕ ದೇಶಗಳ ದೀರ್ಘಕಾಲದ ಅಧ್ಯಯನಗಳು ಒಂದೇ ದನಿಯಲ್ಲಿ ಹೇಳಿವೆ.

ಕುಡಿತ ಇನ್ನೊಂದು ಹೊರೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕುಡಿದು ಬರುವ ಅಪ್ಪನಿಂದ ಮಗುವಿಗೆ ಆಗುವ ಹಾನಿ ಹಣದ್ದಷ್ಟೇ ಅಲ್ಲ. ಇವತ್ತು ಅಪ್ಪ ಮಿಠಾಯಿ ತರುತ್ತಾನೋ ಅವ್ವನ ಮೇಲೆ ಕೈ ಎತ್ತುತ್ತಾನೋ ಎಂಬುದು ಗೊತ್ತಿಲ್ಲದ ಸ್ಥಿತಿಯೇ ದೊಡ್ಡ ಪೆಟ್ಟು. ಬಾಗಿಲ ಸದ್ದಿಗೇ ಬೆಚ್ಚುವ ಮಗು ತರಗತಿಯಲ್ಲಿ ಪಕ್ಕದವನ ಕೈ ತಾಗಿದರೂ ಹೊಡೆಯಲು ಬಂದನೆಂದು ಎಣಿಸುತ್ತದೆ.

ತಾಯಿಯ ವಯಸ್ಸು ಮತ್ತು ಮನಸ್ಸು ಕೂಡ ಇಲ್ಲಿ ಬರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20–24 ವಯಸ್ಸಿನ ಮಹಿಳೆಯರ ಪೈಕಿ 21.3% ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ತಾನೇ ಹುಡುಗಿಯಾಗಿರುವ ತಾಯಿ, ಹೆರಿಗೆಯ ನಂತರದ ಮಂಕು ಕವಿದ ತಾಯಿ ಕೂಸಿನ ಅಳುವಿಗೆ, ನಗುವಿಗೆ ಓಗೊಡಲು ಕಷ್ಟಪಡುತ್ತಾಳೆ. ಅತ್ತೆಯೋ ನಾದಿನಿಯೋ ಕೂಸನ್ನು ಎತ್ತಿಕೊಳ್ಳುವ ಮನೆಯಲ್ಲಿ ಆ ಕೊರತೆ ತುಂಬಿಕೊಳ್ಳುತ್ತದೆ. ಅದೇ ಅತ್ತೆ ಮನೆ ಜಗಳದ ಮನೆಯಾಗಿದ್ದರೆ ದೊಡ್ಡ ಕುಟುಂಬವೂ ಹೊರೆಯೇ.

ಗುಳೆ

ಹಿಂಗಾರಿಗೆ ಭೂಮಿ ಕೈಕೊಟ್ಟರೆ ಈ ಭಾಗದ ಕೂಲಿ ಕುಟುಂಬಗಳು ದೀಪಾವಳಿ ಮುಗಿಸಿ ಹೈದರಾಬಾದ್, ಪುಣೆ, ಮುಂಬೈ ಕಡೆ ಗುಳೆ ಹೋಗುತ್ತವೆ. ಯುಗಾದಿ ಹೊತ್ತಿಗೆ ಮರಳುತ್ತವೆ. ಮಕ್ಕಳ ಮುಂದೆ ಎರಡೇ ದಾರಿ. ಜೊತೆಗೆ ಹೋದರೆ ಕಟ್ಟಡದ ಕೆಲಸ ನಡೆಯುವ ಜಾಗದಲ್ಲಿ ತಗಡಿನ ಶೆಡ್ಡು, ಅರ್ಧಕ್ಕೆ ನಿಂತ ಶಾಲೆ, ಗೊತ್ತಿಲ್ಲದ ಭಾಷೆ. ಉಳಿದರೆ ಮುತ್ಯಾ, ಆಯಿಯ ಆಸರೆ. ಮುದುಕರು ಉಣ್ಣಿಸುತ್ತಾರೆ, ಮುದ್ದು ಮಾಡುತ್ತಾರೆ. ಹನ್ನೆರಡರ ಹುಡುಗ ರಾತ್ರಿ ಎಲ್ಲಿದ್ದಾನೆಂದು ಹುಡುಕಿಕೊಂಡು ಹೋಗುವ ಶಕ್ತಿ ಅವರ ಕಾಲಿಗಿಲ್ಲ.

2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ವಿಮರ್ಶೆಯೊಂದು ತಂದೆ ತಾಯಿ ವಲಸೆ ಹೋಗಿ ಊರಲ್ಲೇ ಉಳಿದ ಮಕ್ಕಳ ಬಗೆಗಿನ 111 ಅಧ್ಯಯನಗಳನ್ನು ಒಟ್ಟುಗೂಡಿಸಿತು, ಬಹುಪಾಲು ಚೀನಾದವು. ಮನೆಗೆ ದುಡ್ಡು ಬಂದರೂ ಈ ಮಕ್ಕಳಲ್ಲಿ ಖಿನ್ನತೆ, ಆತಂಕ, ನಡತೆಯ ತೊಂದರೆ, ಚಟಗಳ ಅಪಾಯ ಹೆಚ್ಚೇ ಇತ್ತು. ಕರ್ನಾಟಕದಲ್ಲಿ ಸರ್ವ ಶಿಕ್ಷಣ ಅಭಿಯಾನದಡಿ ತೆರೆದ ಟೆಂಟ್ ಶಾಲೆಗಳೂ ಹಂಗಾಮಿ ವಸತಿ ನಿಲಯಗಳೂ ಹುಟ್ಟಿಕೊಂಡದ್ದು ಇಂಥ ಮಕ್ಕಳ ಓದು ಕಡಿಯದಿರಲೆಂದು. ಓದಿನ ಜೊತೆಗೆ ಅವು ಕೊಡುವ ನಿಗದಿತ ಊಟ, ನಿದ್ದೆ, ಹಿರಿಯರೊಬ್ಬರ ಕಣ್ಗಾವಲು ವರ್ತನೆಯ ದೃಷ್ಟಿಯಿಂದಲೂ ಅಷ್ಟೇ ಬೆಲೆಯುಳ್ಳವು.

ಓಣಿ

ಷಿಕಾಗೋ ನಗರದ ಬಾಲಾಪರಾಧದ ದಾಖಲೆಗಳನ್ನು ಜಾಲಾಡಿದ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ 1942ರಲ್ಲಿ ಗಮನಾರ್ಹ ಸಂಗತಿಯೊಂದನ್ನು ಮುಂದಿಟ್ಟರು. ಕೆಲವು ಬಡಾವಣೆಗಳಲ್ಲಿ ದಶಕಗಳು ಕಳೆದು, ವಾಸಿಸುವ ಜನಾಂಗಗಳೇ ಬದಲಾದರೂ ಅಪರಾಧದ ಪ್ರಮಾಣ ಮೇಲೆಯೇ ಉಳಿದಿತ್ತು. ಅಂದಮೇಲೆ ಕಾರಣವನ್ನು ಜನಾಂಗದಲ್ಲಿ ಹುಡುಕುವುದು ತಪ್ಪು, ಅದು ಸ್ಥಳದ ಪರಿಸ್ಥಿತಿಯಲ್ಲಿದೆ ಎಂದು ಅವರು ವಾದಿಸಿದರು. ಅದೇ ನಗರದ 343 ಬಡಾವಣೆಗಳ 8,782 ಜನರನ್ನು ರಾಬರ್ಟ್ ಸ್ಯಾಂಪ್ಸನ್ ತಂಡ ಸಂದರ್ಶಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿತು. ಕೇಳಿದ ಪ್ರಶ್ನೆಗಳು ತೀರಾ ಸರಳ. ಮಕ್ಕಳು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ಇಲ್ಲಿನವರು ಕೇಳುತ್ತಾರೆಯೇ? ಮನೆ ಮುಂದೆ ಹೊಡೆದಾಟವಾದರೆ ಬಿಡಿಸುತ್ತಾರೆಯೇ? ನೆರೆಯವರನ್ನು ನಂಬಬಹುದೇ? ‘ಹೌದು’ ಎಂದವರು ಹೆಚ್ಚಿದ್ದ ಕಡೆ, ಬಡತನ ಅಷ್ಟೇ ಇದ್ದರೂ, ಹಿಂಸೆ ಕಡಿಮೆ ಇತ್ತು.

ಬಸವಕಲ್ಯಾಣದ ಹಳೆಯ ಓಣಿಗಳಿಗೆ, ಹುಮನಾಬಾದಿನ ಗಲ್ಲಿಗಳಿಗೆ ಈ ಶಕ್ತಿ ಹೊಸದಲ್ಲ. ಕಟ್ಟೆಯ ಮೇಲೆ ಕೂತ ಹಿರಿಯರು ಅಡ್ಡಾಡುವ ಹುಡುಗನನ್ನು ತಡೆದು ‘ಯಾರ ಮಗಾನೋ ನೀ?’ ಎಂದು ಕೇಳುವುದು, ಅಂಗಡಿಯ ಕಾಕಾ ಬೀಡಿ ಕೊಡದೆ ವಾಪಸು ಕಳಿಸುವುದು, ನೆರೆಮನೆಯ ಆಯಿ ಸಂಜೆ ಅವನಿಗೂ ಒಂದು ರೊಟ್ಟಿ ಹಾಕುವುದು – ಸ್ಯಾಂಪ್ಸನ್ ಅಳೆದದ್ದು ಇಂಥದ್ದನ್ನೇ. ಮನೆಗಳು ಬಾಡಿಗೆಗೆ ಬದಲಾಗುತ್ತಿರುವ ಹೊಸ ಬಡಾವಣೆಗಳಲ್ಲಿ, ಅರ್ಧ ಮನೆಗಳಿಗೆ ಬೀಗ ಬಿದ್ದ ಗುಳೆಯ ತಿಂಗಳುಗಳ ತಾಂಡಾಗಳಲ್ಲಿ ಇದು ಸಡಿಲಗೊಳ್ಳುತ್ತದೆ. ಓಣಿಗಳು ಜಾತಿ, ಮತದ ಗೆರೆಯ ಮೇಲೆ ಹಂಚಿಹೋಗಿರುವಲ್ಲಿ ‘ನಮ್ಮ ಓಣಿಯ ಹುಡುಗ’ ಎಂಬ ಮಮತೆಯೂ ಗೆರೆಯಾಚೆ ದಾಟುವುದಿಲ್ಲ. ಹುಟ್ಟಿನ ಕಾರಣಕ್ಕೆ ದಿನವೂ ಅವಮಾನ ಉಣ್ಣುವ ಮಗುವಿನ ಸಿಟ್ಟಿಗೆ ಮೂಲ ಆ ಅವಮಾನ. ಮಗುವಿನ ಗುಣವನ್ನು ದೂರುವುದು ಅನ್ಯಾಯ.

ಬಸವಕಲ್ಯಾಣದ ಆಟೊ ನಗರ ಲಾರಿ ದುರಸ್ತಿ ಮತ್ತು ಬಾಡಿ ಕಟ್ಟುವ ಕೆಲಸಕ್ಕೆ ದೂರದೂರದ ಚಾಲಕರಿಗೂ ಗೊತ್ತಿರುವ ಜಾಗ. ಇಂಥ ಕಡೆ ಓದು ಬಿಟ್ಟ ಹುಡುಗನ ಮುಂದೆ ಒಳಿತಿನ ದಾರಿಯೂ ಕೆಡುಕಿನ ದಾರಿಯೂ ಒಟ್ಟಿಗೇ ತೆರೆದಿರುತ್ತವೆ. ಹೆದ್ದಾರಿಯ ಢಾಬಾ, ಗುಟ್ಕಾ, ಮಟ್ಕಾ ಕೈಗೆಟಕುವ ದೂರದಲ್ಲಿವೆ. ಕೈಕೆಲಸ ಕಲಿಸಿ, ಹೊತ್ತಿಗೆ ಸರಿಯಾಗಿ ಬಾ ಎಂದು ಗದರಿಸಿ, ಮನೆಯವನಂತೆ ನೋಡಿಕೊಳ್ಳುವ ಉಸ್ತಾದನೂ ಅಲ್ಲೇ ಇದ್ದಾನೆ. ಇಂಥ ಹಿರಿಯರ ಬೆಲೆ ಬೇರೆಡೆಯೂ ಕಂಡಿದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಎಮ್ಮಿ ವರ್ನರ್ ದಶಕಗಳ ಕಾಲ ಗಮನಿಸಿದರು. ಅತಿ ಕಷ್ಟದ ಮನೆಗಳಲ್ಲಿ ಬೆಳೆದವರ ಪೈಕಿ ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬದುಕು ಕಟ್ಟಿಕೊಂಡರು. ಅವರಿಗೆ ಆಸರೆಯಾದದ್ದು ಅಜ್ಜಿಯೋ ಶಿಕ್ಷಕರೋ ನೆರೆಯವರೋ, ಕೈಬಿಡದ ಒಬ್ಬ ಹಿರಿಯ ಜೀವ. ಉಸ್ತಾದನ ಆಸರೆಗೂ ವಯಸ್ಸಿನ ಮಿತಿ ಇದೆ. 2016ರ ತಿದ್ದುಪಡಿಯ ನಂತರ 14ರೊಳಗಿನ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವಂತಿಲ್ಲ, 18ರವರೆಗೆ ಅಪಾಯದ ಕೆಲಸ ನಿಷಿದ್ಧ.

ಓಣಿ ಬದಲಿಸಿದರೆ ಮಗು ಬದಲಾಗುತ್ತದೆಯೇ? ಅಮೆರಿಕ 1994ರಿಂದ ಐದು ನಗರಗಳ ಸುಮಾರು 4,600 ಬಡ ಕುಟುಂಬಗಳಲ್ಲಿ ಲಾಟರಿ ಎತ್ತಿ, ಆಯ್ಕೆಯಾದವರಿಗೆ ಒಳ್ಳೆಯ ಬಡಾವಣೆಗೆ ಹೋಗಲು ನೆರವು ಕೊಟ್ಟಿತು. ಹುಡುಗಿಯರ ಮಾನಸಿಕ ಆರೋಗ್ಯ ಸುಧಾರಿಸಿತು. ಹದಿಹರೆಯದ ಹುಡುಗರಲ್ಲಿ ನಡತೆಯ ಸಮಸ್ಯೆ ಹೆಚ್ಚಿತು. 13 ತುಂಬುವ ಮೊದಲು ಸ್ಥಳ ಬದಲಿಸಿದವರು ಮಾತ್ರ ದೊಡ್ಡವರಾದ ಮೇಲೆ ಹೆಚ್ಚು ಗಳಿಸಿದರು. ಎಳವೆಯಲ್ಲಿ ಸಿಕ್ಕ ಒಳ್ಳೆಯ ನೆರೆಹೊರೆ ಫಲ ಕೊಡುತ್ತದೆ. ಬೆಳೆದ ಹುಡುಗನನ್ನು ಗೆಳೆಯರಿಂದ ಕಿತ್ತು ಬೇರೆಡೆ ನೆಟ್ಟರೆ ನೋವೂ ಆಗುತ್ತದೆ.

ಹೊರೆಗಳ ಲೆಕ್ಕ

ಇಲ್ಲಿಯವರೆಗೆ ಹೇಳಿದ ಕಾರಣಗಳಲ್ಲಿ ಒಂದನ್ನೇ ಹಿಡಿದು ಇದರಿಂದಲೇ ಮಗು ಕೆಟ್ಟಿತು ಎನ್ನಲು ಬರುವುದಿಲ್ಲ. ಬ್ರಿಟನ್ನಿನ ಮೈಕೆಲ್ ರಟ್ಟರ್ ಐಲ್ ಆಫ್ ವೈಟ್ ದ್ವೀಪದ ಮಕ್ಕಳನ್ನು ಲಂಡನ್ನಿನ ಒಳನಗರದ ಮಕ್ಕಳೊಂದಿಗೆ ಹೋಲಿಸಿದಾಗ ನಗರದಲ್ಲಿ ಸಮಸ್ಯೆ ಸುಮಾರು ಎರಡರಷ್ಟಿತ್ತು. ಆಮೇಲೆ ಅವರು ಆರು ಹೊರೆಗಳನ್ನು ಎಣಿಸಿದರು: ದಂಪತಿಯ ತೀವ್ರ ಜಗಳ, ಕೀಳು ಆರ್ಥಿಕ ಸ್ಥಿತಿ, ಇಕ್ಕಟ್ಟಿನ ಮನೆ, ತಂದೆಯ ಅಪರಾಧ, ತಾಯಿಯ ಮಾನಸಿಕ ಕಾಯಿಲೆ, ಮಗುವನ್ನು ಮನೆಯ ಹೊರಗಿನ ಪಾಲನೆಗೆ ಒಪ್ಪಿಸಿರುವುದು. ಒಂದೇ ಹೊರೆ ಇದ್ದ ಮಕ್ಕಳು ಯಾವ ಹೊರೆಯೂ ಇಲ್ಲದ ಮಕ್ಕಳಂತೆಯೇ ಇದ್ದರು. ಎರಡಾದಾಗ ಅಪಾಯ ನಾಲ್ಕು ಪಟ್ಟಾಯಿತು. ನಾಲ್ಕು ಮತ್ತು ಮೇಲ್ಪಟ್ಟಾಗ ಸುಮಾರು ಹತ್ತು ಪಟ್ಟಾಯಿತು. ಲಾರಿ ಅಚ್ಚು ಮುರಿಯುವುದು ಯಾವ ಒಂದು ಮೂಟೆಯಿಂದಲೂ ಅಲ್ಲ, ಒಟ್ಟು ಹೇರಿನಿಂದ. ಬೆಂಗಳೂರಿನ ಸಮೀಕ್ಷೆಯಲ್ಲಿ ಬಡತನಕ್ಕಿಂತ ಹೊಡೆತವೂ ಹೆತ್ತವರ ಕಾಯಿಲೆಯೂ ಮುಖ್ಯವಾಗಿ ಕಂಡದ್ದಕ್ಕೂ ಈ ಲೆಕ್ಕ ಹೊಂದುತ್ತದೆ.

ಹೊರೆ ಇಳಿದರೆ ಏನಾಗುತ್ತದೆಂಬುದಕ್ಕೂ ಸಾಕ್ಷ್ಯವಿದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಜೇನ್ ಕೊಸ್ಟೆಲ್ಲೊ ತಂಡ 1,420 ಮಕ್ಕಳನ್ನು ವರ್ಷ ವರ್ಷವೂ ಪರೀಕ್ಷಿಸುತ್ತಿತ್ತು. ಅವರಲ್ಲಿ ಕಾಲು ಭಾಗ ಚೆರೋಕಿ ಮೂಲನಿವಾಸಿಗಳು. ಅಧ್ಯಯನದ ನಡುವೆ ಅವರ ನೆಲದಲ್ಲಿ ಕ್ಯಾಸಿನೊ ತೆರೆದು, ಲಾಭದ ಪಾಲು ಪ್ರತಿ ಚೆರೋಕಿ ಮನೆಗೂ ಸಿಗತೊಡಗಿತು. ಬಡತನದ ಗೆರೆ ದಾಟಿದ ಮನೆಗಳ ಮಕ್ಕಳಲ್ಲಿ ಎದುರುಬೀಳುವ, ಹೊಡೆದಾಡುವ ಲಕ್ಷಣಗಳು ಎಂದೂ ಬಡವರಲ್ಲದ ಮಕ್ಕಳ ಮಟ್ಟಕ್ಕೆ ಇಳಿದವು. ಆತಂಕ, ಖಿನ್ನತೆ ಬದಲಾಗಲಿಲ್ಲ. ತಂದೆ ತಾಯಿಗೆ ಮಕ್ಕಳನ್ನು ಗಮನಿಸಲು ಸಮಯ ಸಿಕ್ಕದ್ದೇ ಮುಖ್ಯ ಕಾರಣವೆಂದು 2003ರ ವರದಿ ತೋರಿಸಿತು. ಉದ್ಯೋಗ ಖಾತ್ರಿಯ ಕೂಲಿ, 2023ರ ಆಗಸ್ಟ್‌ನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ, ಕೂಲಿ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ ಇವೆಲ್ಲವನ್ನೂ ಮಕ್ಕಳ ನಡತೆಯ ಕಣ್ಣಿನಿಂದಲೂ ನೋಡಬೇಕು.

ದೇಹ ಮತ್ತು ಶಾಲೆ

ಕೆಲವು ಹೊರೆಗಳು ರಕ್ತದಲ್ಲೇ ಇರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5% ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣಾಂಶ ಕಡಿಮೆಯಾದ ಮಗು ಕಿರಿಕಿರಿ ಮಾಡುತ್ತದೆ, ಗಮನ ನಿಲ್ಲಿಸಲಾರದು. ಹಳೆ ಬ್ಯಾಟರಿ, ಹಳೆ ಬಣ್ಣದಿಂದ ಬರುವ ಸೀಸ ಎಷ್ಟು ಅಲ್ಪ ಪ್ರಮಾಣದಲ್ಲಿದ್ದರೂ ಸುರಕ್ಷಿತವಲ್ಲ; ಅದು ಮಗುವಿನ ಗಮನವನ್ನೂ ಸಿಟ್ಟಿನ ಮೇಲಿನ ಹಿಡಿತವನ್ನೂ ಕೆಡಿಸುತ್ತದೆ. ಗ್ಯಾರೇಜಿನ ಕೆಲಸದವರು ಕೈ ತೊಳೆದು, ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳುವುದು ಈ ಕಾರಣಕ್ಕೇ ಮುಖ್ಯ.

ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದ ಏಳು ಉತ್ತರದ ಜಿಲ್ಲೆಗಳಲ್ಲಿ ಬೀದರ್ ಒಂದು. 2021ರ ಡಿಸೆಂಬರ್‌ನಲ್ಲಿ ಬೀದರ್ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆಯೂ ಸೇರಿತು. ಹಸಿದ ಮಗು ತುಂಟ ಮಗುವಾಗಿ ಕಾಣುವುದನ್ನು ಯಾವ ಶಿಕ್ಷಕರೂ ಬಲ್ಲರು.

ಮನೆಯಲ್ಲಿ ಲಂಬಾಣಿಯನ್ನೋ ಮರಾಠಿಯನ್ನೋ ಆಡುವ ಮಗು ಕನ್ನಡ ಶಾಲೆಯ ಮೊದಲ ವರ್ಷ ಅರ್ಧ ಮಾತು ತಿಳಿಯದೆ ಕೂರುತ್ತದೆ. ತಿಳಿಯದ ಪಾಠ ಬೇಸರ ತರುತ್ತದೆ, ಬೇಸರ ಗಲಾಟೆಯಾಗುತ್ತದೆ. ಲಂಡನ್ನಿನ 12 ಶಾಲೆಗಳನ್ನು ಅಭ್ಯಸಿಸಿದ ರಟ್ಟರ್ 1979ರಲ್ಲಿ ತೋರಿಸಿದಂತೆ ಒಂದೇ ಬಗೆಯ ಓಣಿಗಳಿಂದ ಮಕ್ಕಳು ಬಂದರೂ ಶಾಲೆಯಿಂದ ಶಾಲೆಗೆ ನಡತೆ ಬೇರೆ ಇರುತ್ತದೆ. ಹೊಗಳಿಕೆ, ಮಕ್ಕಳಿಗೆ ಜವಾಬ್ದಾರಿ, ಹೊತ್ತಿಗೆ ಸರಿಯಾಗಿ ಬರುವ ಶಿಕ್ಷಕರು ಇದ್ದಲ್ಲಿ ಪುಂಡಾಟ ಕಡಿಮೆ.

ನೆರವಿನ ದಾರಿಗಳು

ಮೂರರಿಂದ ಹತ್ತು ವರ್ಷದ ಮಕ್ಕಳಿಗೆ ಅತಿ ಹೆಚ್ಚು ಪುರಾವೆ ಇರುವ ಚಿಕಿತ್ಸೆ ಹೆತ್ತವರಿಗೆ ಕೊಡುವ ತರಬೇತಿ. ದಿನಕ್ಕೆ ಹತ್ತು ನಿಮಿಷ ಮಗುವಿನ ಜೊತೆ ಅದರ ಇಷ್ಟದ ಆಟ; ಒಳ್ಳೆಯದು ಮಾಡಿದ ಕೂಡಲೇ ಹೆಸರಿಟ್ಟು ಹೊಗಳುವುದು; ಒಂದೇ ಮಾತಿನ ಸ್ಪಷ್ಟ ಆಜ್ಞೆ; ಚಿಕ್ಕ ಹಟವನ್ನು ಕಂಡೂ ಕಾಣದಂತಿರುವುದು; ದೊಡ್ಡ ತಪ್ಪಿಗೆ ಹೊಡೆತದ ಬದಲು ಮೊದಲೇ ಹೇಳಿದ ಸಣ್ಣ ಶಿಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಬಡ ದೇಶಗಳಿಗೂ ಇದನ್ನೇ ಶಿಫಾರಸು ಮಾಡಿದೆ. ಅಂಗನವಾಡಿಯ ತಾಯಂದಿರ ಸಭೆ, ಸ್ತ್ರೀಶಕ್ತಿ ಸಂಘ ಇದಕ್ಕೆ ತಕ್ಕ ಜಾಗಗಳು. ಹೆಂಗಸರ ಸಂಘಗಳನ್ನು ಕಟ್ಟಿದ ಮಹಿಳಾ ಸಮಖ್ಯಾ ಕಾರ್ಯಕ್ರಮ 1989ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮೂರು ಜಿಲ್ಲೆಗಳಲ್ಲಿ ಬೀದರ್ ಕೂಡ ಇತ್ತು. ಹಳ್ಳಿಯ ಹೆಂಗಸರು ಗುಂಪಾಗಿ ಕೂತು ಮನೆಯ ಹಿಂಸೆಯ ಬಗ್ಗೆ ಬಾಯಿ ಬಿಟ್ಟು ಮಾತಾಡುವುದು ಈ ಜಿಲ್ಲೆಗೆ ಹೊಸದಲ್ಲ.

ಕಾನೂನು ಕೂಡ ಮಗುವನ್ನು ಮನೆ, ಓಣಿಯಿಂದ ಬೇರ್ಪಡಿಸಿ ನೋಡುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆತವನ್ನು ನಿಷೇಧಿಸಿದೆ. 2015ರ ಬಾಲನ್ಯಾಯ ಕಾಯ್ದೆಯಡಿ ಕಳವು, ಹೊಡೆದಾಟದಲ್ಲಿ ಸಿಕ್ಕ ಮಗುವಿನ ಬಗ್ಗೆ ಪರಿವೀಕ್ಷಣಾಧಿಕಾರಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅದರಲ್ಲಿ ಕುಟುಂಬ, ನೆರೆಹೊರೆ, ಶಾಲೆ, ಗೆಳೆಯರು ಎಲ್ಲರ ವಿವರವೂ ಇರಬೇಕು. ವರದಿ ಮನಸ್ಸಿಟ್ಟು ಬರೆದದ್ದಾದರೆ ಬಾಲನ್ಯಾಯ ಮಂಡಳಿಗೆ ಮಗುವಿನ ಹೊರೆಗಳ ಪಟ್ಟಿಯೇ ಸಿಕ್ಕಂತೆ.

ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಇದೇ ಭಾಗದ ಬಳ್ಳಾರಿಯಲ್ಲಿ 1985ರಿಂದ ನಿಮ್ಹಾನ್ಸ್ ನಡೆಸಿದ ಪ್ರಯೋಗ. ಇಂದು ಬೀದರ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಚಿಕಿತ್ಸಾಲಯಗಳು ನಡೆಯುತ್ತವೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲೂ ಉತ್ತರಿಸುತ್ತದೆ. ಅಪಾಯದಲ್ಲಿರುವ ಮಗುವಿಗಾಗಿ ಮಕ್ಕಳ ಸಹಾಯವಾಣಿ 1098 ಇದೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಆಟದ ಮೈದಾನ, ಬೀದಿ ದೀಪ, ಶಾಲೆ ಪಕ್ಕದ ಗುಟ್ಕಾ ಅಂಗಡಿ, ಕುಡಿತದ ತೊಂದರೆಯನ್ನು ಮಕ್ಕಳೇ ಎದ್ದು ನಿಂತು ಹೇಳಬಹುದು. ಗುಳೆಗೆ ಹೊರಟ ಮನೆಗಳ ಪಟ್ಟಿಯನ್ನು ಪಂಚಾಯಿತಿ ದೀಪಾವಳಿಗೆ ಮುಂಚೆಯೇ ಮಾಡಿ ಉಳಿಯುವ ಮಕ್ಕಳನ್ನು ಶಾಲೆ ಮತ್ತು ಆಶಾ ಕಾರ್ಯಕರ್ತೆಗೆ ಒಪ್ಪಿಸುವುದು, ಶಿಕ್ಷಕರು ಉಡಾಳನೆಂದು ದೂರು ಬಂದ ಮಗುವಿನ ಮನೆಗೆ ಒಮ್ಮೆ ಹೋಗಿ ಬರುವುದು, ಕುಡಿತಕ್ಕೆ ಸಿಕ್ಕ ತಂದೆಯನ್ನೂ ಮಂಕು ಕವಿದ ತಾಯಿಯನ್ನೂ ಅದೇ ಮಂಗಳವಾರದ ಚಿಕಿತ್ಸಾಲಯಕ್ಕೆ ಕರೆದೊಯ್ಯುವುದು – ಈ ಮೂರನ್ನು ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳು ಈಗಿರುವ ಸಿಬ್ಬಂದಿಯಿಂದಲೇ ಶುರು ಮಾಡಬಹುದು.